ಅಂಚಿನ ಸಾಲಿನ ಅಗಿ ಯಾಕೆ ಗಿಡ್ಡ?

ಪ್ರಶ್ನೆ: ಸರ್, ನಮ್ಮದು ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿ. ಈ ವರ್ಷ ಮೊದಲ ಸಲ ಶೇಡ್‌ನೆಟ್ (ನೆರಳು ಪರದೆ) ಹಾಕಿ ಮೆಣಸಿನಕಾಯಿ ಅಗಿ (ಸಸಿ) ಮಾಡಿದ್ದೇನೆ. 98 ಗುಣಿಯ 400 ಟ್ರೇ. ಅರ್ಧ ನಮ್ಮ ಹೊಲಕ್ಕೆ, ಅರ್ಧ ಊರವರು ಹೇಳಿಟ್ಟಿದ್ದಾರೆ. ಮೊಳಕೆ ಬರಲಿ ಅಂತ ಟ್ರೇ ಒಂದರ ಮೇಲೊಂದು ಇಟ್ಟು ಪ್ಲಾಸ್ಟಿಕ್ ಹಾಳೆ ಮುಚ್ಚಿದ್ದೆ, 10ನೇ ದಿನ ತೆಗೆದೆ. ಬಿಸಿಲು ಜಾಸ್ತಿ ಅಂತ 50 ಪರ್ಸೆಂಟ್ ನೆಟ್ ಮೇಲೆ ಅಂಥದ್ದೇ ಇನ್ನೊಂದು ಎಳೆದಿದ್ದೇನೆ. ಈಗ 30 ದಿನ ಆಯ್ತು. ಅಗಿ ಹೆಚ್ಚುಕಮ್ಮಿ ಒಂದು ಗೇಣು ಎತ್ತರ ಬಂದಿವೆ, ಆದರೆ ದಾರದ ಹಾಗೆ ಸಣ್ಣ. ನೀರು ಹಾಕಿದರೆ ಮಲಗುತ್ತವೆ. ಬಣ್ಣವೂ ತಿಳಿ ಹಸಿರು. ಗೊಬ್ಬರದಂಗಡಿಯವರು "ಹಾರ್ಮೋನ್ ಕಮ್ಮಿ ಆಗಿದೆ" ಅಂತ ಜಿಬ್ಬರೆಲಿಕ್ ಪೌಡರ್ ಪೊಟ್ಟಣ ಕೊಟ್ಟಿದ್ದಾರೆ. ಇನ್ನೂ ಹೊಡೆದಿಲ್ಲ. ಪಕ್ಕದ ಹೊಲದ ಅಣ್ಣ "ಹತ್ತಿ ಗಿಡ್ಡ ಮಾಡೋ ಎಣ್ಣಿ ಐತಲ್ಲ, ಅದನ್ನ ಹೊಡಿ" ಅನ್ನುತ್ತಾರೆ. ಅಪ್ಪ "ಹಾರ್ಮೋನ್ ಎಲ್ಲ ವಿಷ, ಕಾಯಿಗೂ ಬರ್ತದೆ, ನಮ್ಮ ಕಾಲದ ಮಡಿಯಾಗ ಹಿಂಗ ಆಗ್ತಿದ್ದಿಲ್ಲ" ಅನ್ನುತ್ತಾರೆ. ಯಾರ ಮಾತು ಕೇಳಲಿ? ಈ ಅಗಿ ನಾಟಿಗೆ ಬರುತ್ತಾ? ಫೋಟೊ ಕಳಿಸಿದ್ದೇನೆ.

ಉತ್ತರ: ಪೊಟ್ಟಣ ಒಡೆಯದೆ ಇಟ್ಟಿದ್ದೀರಲ್ಲ, ಒಳ್ಳೆಯದಾಯಿತು. ಹಾಗೇ ಇರಲಿ.

ನಿಮ್ಮ ಎರಡನೇ ಫೋಟೊ ಇನ್ನೊಮ್ಮೆ ನೋಡಿ. ಮಂಚದ ತುದಿಯಲ್ಲಿರುವ ಟ್ರೇ. ಅದರ ಹೊರಗಿನ ಅಂಚಿನ ಸಾಲಿನ ಅಗಿ ಒಳಗಿನವಕ್ಕಿಂತ ಎರಡು ಬೆರಳಷ್ಟು ಗಿಡ್ಡ ಇವೆ. ಕಾಂಡ ದಪ್ಪ, ಎಲೆ ಕೊಂಚ ಗಾಢ ಹಸಿರು. ಬೀಜ ಅದೇ, ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಅದೇ, ಹಾಕಿದ ಗೊಬ್ಬರ ಅದೇ. ಹಾರ್ಮೋನ್ ಕಮ್ಮಿಯಾಗಿದ್ದೇ ಕಾರಣ ಆಗಿದ್ದರೆ ಅಂಚಿನವಕ್ಕೂ ಕಮ್ಮಿ ಆಗಬೇಕಿತ್ತು, ಅಲ್ವಾ? ಅಂಚಿನ ಸಾಲಿಗೆ ಜಾಸ್ತಿ ಸಿಕ್ಕಿದ್ದು ಪಕ್ಕದಿಂದ ಬರುವ ಬೆಳಕು ಮತ್ತು ಒಂದಿಷ್ಟು ಗಾಳಿ. ಅಂಚಿನ ಗುಣಿ ಬೇಗ ಒಣಗುತ್ತದೆ, ಹಾಗಾಗಿ ನೀರೂ ತುಸು ಕಮ್ಮಿ. ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಆ ಒಂದು ಸಾಲಿನಲ್ಲೇ ಇದೆ.

"ಹಾರ್ಮೋನ್ ಕಮ್ಮಿ" ಅನ್ನುವ ಮಾತು ನಮ್ಮ ಕಡೆ ಅಂಗಡಿಗಳಲ್ಲಿ ತುಂಬಾ ಓಡುತ್ತದೆ. ಸತುವು ಕಮ್ಮಿ, ಬೋರಾನ್ ಕಮ್ಮಿ ಅಂದ ಹಾಗೆ. ಆದರೆ ಹಾರ್ಮೋನ್ ಗೊಬ್ಬರವಲ್ಲ. ಕಾಲುವೆ ಕೆಳಗಿನವರಿಗೆ ಹೀಗೆ ಹೇಳಿದರೆ ಸುಲಭ: ಹಾರ್ಮೋನ್ ಅಂದ್ರೆ ನೀರಲ್ಲ, ನೀರುಗಂಟಿ. ಯಾವ ತೂಬು ಎತ್ತಬೇಕು, ಯಾವುದು ಇಳಿಸಬೇಕು ಅಂತ ನೋಡುವವನು. ಗಿಡದಲ್ಲಿ ಅಂಥವರು ಒಬ್ಬರಲ್ಲ, ಹಲವು ಮಂದಿ. ಒಬ್ಬ ಎತ್ತಿದ್ದನ್ನು ಇನ್ನೊಬ್ಬ ಇಳಿಸುತ್ತಿರುತ್ತಾನೆ. ಅಗಿ ಗಿಡ್ಡ ಆಗುವುದೋ ಉದ್ದ ಆಗುವುದೋ, ಬೇರು ಜಾಸ್ತಿಯೋ ಎಲೆ ಜಾಸ್ತಿಯೋ ಅನ್ನುವುದು ಇವರ ನಡುವಿನ ಎಳೆದಾಟದಲ್ಲಿ ತೀರ್ಮಾನ ಆಗುತ್ತದೆ. ಒಬ್ಬನನ್ನೇ ಹೊರಗಿನಿಂದ ತಂದು ಸೇರಿಸಿದರೆ ಉಳಿದವರ ಲೆಕ್ಕ ತಪ್ಪುತ್ತದೆ.

ಬೀಜದಿಂದಲೇ ನೋಡೋಣ. ಒಣ ಮೆಣಸಿನ ಬೀಜದಲ್ಲಿ ಅಬ್ಸಿಸಿಕ್ ಆಮ್ಲ ಅನ್ನುವ ಹಾರ್ಮೋನ್ ಯಜಮಾನ. "ಈಗಲೇ ಬೇಡ, ಮಲಗಿರು" ಅನ್ನುವುದು ಅದರ ಕೆಲಸ. ಬೀಜ ನೀರು ಕುಡಿದ ಮೇಲೆ ಅದು ಇಳಿಯುತ್ತದೆ, ಜಿಬ್ಬರೆಲಿನ್ ಏರುತ್ತದೆ. ನಿಮ್ಮ ಪೊಟ್ಟಣದ ಜಿಬ್ಬರೆಲಿಕ್ ಪೌಡರ್ ಅಂದರೆ ಇದೇ ಹಾರ್ಮೋನ್. ಮೆಣಸಿನ ಬೀಜದ ಒಳಗೆ ಬೇರಿನ ತುದಿಯ ಮುಂದೆ ಒಂದು ಗಟ್ಟಿ ಪದರ ಇದೆ. ಜಿಬ್ಬರೆಲಿನ್ ಮಾತು ಕೇಳಿ ಹುಟ್ಟುವ ಕಿಣ್ವಗಳು ಆ ಪದರವನ್ನು ಮೆತ್ತಗೆ ಮಾಡಿದ ಮೇಲೇ ಬೇರು ಹೊರಗೆ ಬರುವುದು. ಹೆಸರುಕಾಳು, ಅಲಸಂದೆ ಎರಡೇ ದಿನಕ್ಕೆ ಮೊಳೆತರೂ ಮೆಣಸಿನಕಾಯಿ ಆರರಿಂದ ಹತ್ತು ದಿನ ತೆಗೆದುಕೊಳ್ಳುವುದಕ್ಕೆ ಇದೂ ಒಂದು ಕಾರಣ. ಆ ಪೌಡರಿಗೆ ನರ್ಸರಿಯಲ್ಲಿ ಏನಾದರೂ ಕೆಲಸ ಇದ್ದರೆ ಅದು ಇಲ್ಲಿ, ಬೀಜದ ಹಂತದಲ್ಲಿ. ನಿಮ್ಮದು ಆ ಹಂತ ದಾಟಿ ಮೂರು ವಾರ ಆಗಿದೆ.

ಮೊಳಕೆ ಮೇಲೆ ಬರುವಾಗ ತಲೆ ಬಗ್ಗಿಸಿಕೊಂಡು ಬರುವುದನ್ನು ನೋಡಿರುತ್ತೀರಿ. ಕೊಕ್ಕೆ ಹಾಗೆ. ಎಳೆಯ ಸುಳಿ ಮಣ್ಣಿಗೆ ಉಜ್ಜಬಾರದು ಅಂತ ಬೆನ್ನು ಮುಂದೆ ಮಾಡಿ ನೂಕುತ್ತದೆ. ಈ ಕೊಕ್ಕೆ ಕಟ್ಟುವುದು ಎಥಿಲೀನ್ ಮತ್ತು ಆಕ್ಸಿನ್ ಅನ್ನುವ ಇನ್ನೆರಡು ಹಾರ್ಮೋನ್ ಸೇರಿ. ಕೊಕ್ಕೆಯ ಒಳಬದಿಯಲ್ಲಿ ಆಕ್ಸಿನ್ ಜಾಸ್ತಿ ಕೂಡುತ್ತದೆ, ಅಲ್ಲಿ ಬೆಳವಣಿಗೆ ನಿಧಾನ. ಹೊರಬದಿ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಬಾಗುತ್ತದೆ. ಮಣ್ಣು ಗಟ್ಟಿ ಇದ್ದಷ್ಟೂ ಎಥಿಲೀನ್ ಜಾಸ್ತಿ, ಮೊಳಕೆ ಗಿಡ್ಡ ಮತ್ತು ದಪ್ಪ. ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಮಳೆ ಬಂದು ಮೇಲ್ಪದರ ಹೆಪ್ಪುಗಟ್ಟಿದಾಗ ಹತ್ತಿ ಮೊಳಕೆ ಕಿತ್ತು ನೋಡಿ, ಕಿರುಬೆರಳಿನಷ್ಟು ಗಿಡ್ಡಕ್ಕೆ ಗುಂಡಗೆ ಇರುತ್ತದೆ. ನಮ್ಮ ಹಣ್ಣಿನ ಮಂಡಿಯಲ್ಲಿ ಬಾಳೆ ಮಾಗಿಸುವ ಅನಿಲವೂ ಇದೇ ಎಥಿಲೀನ್. 1901ರಲ್ಲಿ ರಷ್ಯಾದ ನೆಲ್ಜುಬೊವ್ ಅನ್ನುವ ವಿದ್ಯಾರ್ಥಿ, ಪ್ರಯೋಗಶಾಲೆಯ ಗ್ಯಾಸ್ ದೀಪದಿಂದ ಬರುವ ಅನಿಲಕ್ಕೆ ಬಟಾಣಿ ಮೊಳಕೆ ಡೊಂಕಾಗುವುದನ್ನು ಕಂಡು ಇದನ್ನು ಗುರುತಿಸಿದ.

ಮೊಳಕೆಗೆ ಬೆಳಕು ಬಿದ್ದ ಕೂಡಲೇ ಲೆಕ್ಕ ಬದಲಾಗುತ್ತದೆ. ಕೊಕ್ಕೆ ನೆಟ್ಟಗಾಗುತ್ತದೆ, ಬೀಜದೆಲೆ ಬಿಚ್ಚುತ್ತವೆ, ಕಾಂಡ ಉದ್ದ ಆಗುವುದು ನಿಧಾನ ಆಗುತ್ತದೆ. ಬೆಳಕು ಬೀಳದಿದ್ದರೆ? ಅಗಿ ತಾನಿನ್ನೂ ಮಣ್ಣಿನೊಳಗೇ ಇದ್ದೇನೆ ಅಂದುಕೊಂಡು ಉದ್ದ ಆಗುತ್ತಲೇ ಹೋಗುತ್ತದೆ. ನಿಮ್ಮ ಪ್ಲಾಸ್ಟಿಕ್ ಹಾಳೆಯ ಕೆಳಗೆ ಆಗಿದ್ದು ಅದೇ. ಆರನೇ ದಿನದಿಂದ ಟ್ರೇ ದಿನಾ ಎತ್ತಿ ನೋಡಬೇಕು. ಅಲ್ಲಲ್ಲಿ ಕೊಕ್ಕೆ ಕಂಡ ದಿನವೇ ಹಾಳೆ ತೆಗೆದು ಟ್ರೇ ಹರಡಬೇಕು. ಎಲ್ಲ ಬೀಜ ಮೊಳೆಯಲಿ ಅಂತ ಕಾದರೆ ಮೊದಲು ಮೊಳೆತವು ಕೆಡುತ್ತವೆ.

ಎಲ್ಲಿ ತಪ್ಪಿತು ಅನ್ನುವುದನ್ನು ಅಗಿಯೇ ಬರೆದಿಟ್ಟುಕೊಂಡಿರುತ್ತದೆ. ಒಂದು ಅಗಿ ಕಿತ್ತು ಅಂಗೈ ಮೇಲೆ ಇಟ್ಟುಕೊಳ್ಳಿ. ಬುಡದಿಂದ ಬೀಜದೆಲೆಯವರೆಗಿನ ಬೋಳು ಕಾಂಡ ಉದ್ದ ಇದ್ದರೆ ತಪ್ಪು ಮೊದಲ ಹತ್ತು ದಿನದ್ದು. ಬೀಜದೆಲೆಯ ಮೇಲೆ, ಎಲೆಯಿಂದ ಎಲೆಗೆ ಅಂತರ ಜಾಸ್ತಿ ಇದ್ದರೆ ಆಮೇಲಿನದ್ದು. ನಿಮ್ಮ ಫೋಟೊದಲ್ಲಿ ಎರಡೂ ಕಾಣುತ್ತಿವೆ.

ಆಮೇಲಿನದ್ದು ನೆರಳಿನ ಕಥೆ. 50 ಪರ್ಸೆಂಟ್ ನೆಟ್ ಮೇಲೆ ಇನ್ನೊಂದು 50 ಎಳೆದರೆ ಒಳಗೆ ಉಳಿಯುವುದು ಅರ್ಧದಲ್ಲಿ ಅರ್ಧ, ಅಂದರೆ ಕಾಲು ಭಾಗ ಬೆಳಕು. ಅದರ ಮೇಲೆ 98 ಅಗಿ ಒಂದಕ್ಕೊಂದು ತಾಗಿಕೊಂಡು ನಿಂತಿವೆ. ಎಲೆಯಲ್ಲಿ ಫೈಟೋಕ್ರೋಮ್ ಅನ್ನುವ ಒಂದು ವರ್ಣದ್ರವ್ಯ ಇದೆ, ಗಿಡದ ಕಣ್ಣು ಅಂತಲೇ ಅನ್ನಿ. ಹಸಿರೆಲೆ ಕೆಂಪು ಬೆಳಕನ್ನು ತಾನು ಹೀರಿಕೊಂಡು, ಅದರಾಚೆಗಿನ ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ದೂರ ಕೆಂಪನ್ನು ಪಕ್ಕಕ್ಕೆ ಚೆಲ್ಲುತ್ತದೆ. ಅಗಿಯ ಕಣ್ಣಿಗೆ ಈ ದೂರ ಕೆಂಪು ಜಾಸ್ತಿ ಬಿದ್ದರೆ "ಪಕ್ಕದಲ್ಲಿ ಇನ್ನೊಬ್ಬ ಇದ್ದಾನೆ, ಅವನಿಗಿಂತ ಮೊದಲು ಮೇಲೆ ಹೋಗಬೇಕು" ಅಂತ ಅರ್ಥ. ಕೂಡಲೇ ಎಲೆಗಳಲ್ಲಿ ಆಕ್ಸಿನ್ ತಯಾರಿ ಏರುತ್ತದೆ, ಕೆಳಗೆ ಕಾಂಡಕ್ಕೆ ಇಳಿಯುತ್ತದೆ. ಜಿಬ್ಬರೆಲಿನ್ ಕೂಡ ಏರುತ್ತದೆ. ಗಿಡದಲ್ಲಿ ಡೆಲ್ಲಾ ಅನ್ನುವ ಪ್ರೋಟೀನುಗಳಿವೆ, ಬೆಳವಣಿಗೆಗೆ ಅವು ಬ್ರೇಕು. ಜಿಬ್ಬರೆಲಿನ್ ಮಾಡುವುದು ಆ ಬ್ರೇಕು ಕಿತ್ತುಹಾಕುವುದು. ಬ್ರೇಕು ಹೋದ ಮೇಲೆ ಆಕ್ಸಿನ್, ಬ್ರಾಸಿನೋಸ್ಟೀರಾಯ್ಡ್ ಅನ್ನುವ ಇನ್ನೊಂದು ಹಾರ್ಮೋನ್ ಎಲ್ಲ ಸೇರಿ ಜೀವಕೋಶಗಳನ್ನು ಉದ್ದಕ್ಕೆ ಎಳೆಯುತ್ತವೆ. ಇದ್ದ ಸಾಮಾನಿನಲ್ಲೇ ಉದ್ದ ಆಗಬೇಕಲ್ಲ, ಹಾಗಾಗಿ ಕಾಂಡ ಸಣ್ಣ, ಬೇರು ಬಡಕಲು. ರಾತ್ರಿ ಸೆಕೆ ಇದ್ದರೆ ಇದೇ ದಾರಿ ಇನ್ನಷ್ಟು ಜೋರು. ಬಳ್ಳಾರಿ ರಾತ್ರಿಗಳ ಬಗ್ಗೆ ನಿಮಗೆ ನಾನು ಹೇಳಬೇಕಿಲ್ಲ.

ಅಂದರೆ ನಿಮ್ಮ ಅಗಿಗೆ ಹಾರ್ಮೋನ್ ಕಮ್ಮಿ ಆಗಿಲ್ಲ. ಉದ್ದ ಎಳೆಯುವ ಹಾರ್ಮೋನುಗಳು ಈಗಾಗಲೇ ಜಾಸ್ತಿ ಆಗಿವೆ. ಅದರ ಮೇಲೆ ಜಿಬ್ಬರೆಲಿಕ್ ಹೊಡೆದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ವಾರದಲ್ಲಿ ಇನ್ನೂ ಎರಡು ಬೆರಳು ಏರುತ್ತವೆ, ಇನ್ನೂ ಬೆಳ್ಳಗಾಗುತ್ತವೆ.

ನಂಬಿಕೆ ಬರದಿದ್ದರೆ ಕಾರಟಗಿ, ಸಿಂಧನೂರು ಕಡೆಯ ಭತ್ತದ ರೈತರನ್ನು ಕೇಳಿ. ಸಸಿ ಮಡಿಯಲ್ಲಿ ಕೆಲವು ಸಸಿ ಉಳಿದವನ್ನು ಮೀರಿ ಎದ್ದು ನಿಲ್ಲುತ್ತವೆ. ತೆಳ್ಳಗೆ, ಹಳದಿ. ನಾಟಿ ಮಾಡಿದರೆ ಬಹಳಷ್ಟು ಸಾಯುತ್ತವೆ, ಉಳಿದರೂ ತೆನೆ ಜೊಳ್ಳು. ಅದು ಶಿಲೀಂಧ್ರದ ರೋಗ. ಜಪಾನಿನವರು ಬಕಾನೆ ಅನ್ನುತ್ತಾರೆ, ಪೆದ್ದ ಸಸಿ ಅಂತ ಅರ್ಥ. ಆ ಶಿಲೀಂಧ್ರ ಬೆಳೆಸಿದ ದ್ರವವನ್ನು ಸೋಸಿ, ಶಿಲೀಂಧ್ರವೇ ಇಲ್ಲದೆ ಬರೀ ದ್ರವ ಹಾಕಿದರೂ ಸಸಿ ಹಾಗೇ ಉದ್ದ ಆಗುತ್ತದೆ ಅಂತ 1926ರಲ್ಲಿ ಕುರೊಸಾವಾ ತೋರಿಸಿದರು. 1935ರಲ್ಲಿ ಯಾಬುತಾ ಅದರಲ್ಲಿದ್ದ ವಸ್ತುವಿಗೆ ಶಿಲೀಂಧ್ರದ ಹೆಸರನ್ನೇ ಇಟ್ಟರು: ಜಿಬ್ಬರೆಲಿನ್. ನಿಮ್ಮ ಪೊಟ್ಟಣದಲ್ಲಿರುವ ವಸ್ತು ಮೊದಲು ಮನುಷ್ಯರ ಕಣ್ಣಿಗೆ ಬಿದ್ದದ್ದೇ ಸಸಿ ಕೆಡಿಸುವ ರೋಗದಿಂದ! ಇದರ ಉಲ್ಟಾ ಕಥೆಯೂ ಭತ್ತದಲ್ಲೇ ಇದೆ. 1966ರಲ್ಲಿ ಬಂದ ಐಆರ್-8 ತಳಿ ಗಿಡ್ಡಕ್ಕೆ ಇದ್ದು ಗೊಬ್ಬರ ಕೊಟ್ಟರೂ ಬೀಳದೆ ನಿಂತಿದ್ದಕ್ಕೆ ಕಾರಣ, ಅದರಲ್ಲಿ ಜಿಬ್ಬರೆಲಿನ್ ತಯಾರಿಯ ಒಂದು ಹಂತ ಮಂದ ಆಗಿತ್ತು.

ಹಾಗಂತ ಆ ಪೌಡರ್ ಕೆಟ್ಟದ್ದಲ್ಲ. ದ್ರಾಕ್ಷಿ ಬೆಳೆಯುವವರು ವರ್ಷ ವರ್ಷ ಬಳಸುತ್ತಾರೆ, ಗೊಂಚಲು ಸಡಿಲ ಆಗಲು, ಕಾಳು ದಪ್ಪ ಆಗಲು. ಅವರು ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ ಅನ್ನುವ) ಲೆಕ್ಕ ಹಾಕಿ ಹೊಡೆಯುತ್ತಾರೆ. 100 ಲೀಟರ್ ನೀರಿಗೆ ಒಂದೇ ಗ್ರಾಂ ಹಾಕಿದರೆ 10 ಪಿಪಿಎಂ. ಅಷ್ಟು ಸಣ್ಣ ಅಳತೆಯ ವಸ್ತುವನ್ನು ಟ್ಯಾಂಕಿಗೆ ಚಿಟಿಕೆ ಲೆಕ್ಕದಲ್ಲಿ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಪಕ್ಕದ ಹೊಲದ ಅಣ್ಣನ ಮಾತು. ಲೆಕ್ಕದ ಪ್ರಕಾರ ಅವರ ಬುದ್ಧಿ ಸರಿಯಾದ ಕಡೆಗೇ ಓಡಿದೆ. ಹತ್ತಿಗೆ ಹೊಡೆಯುವ ಮೆಪಿಕ್ವಾಟ್ ಕ್ಲೋರೈಡ್, ಕ್ಲೋರ್‌ಮೆಕ್ವಾಟ್, ಮಾವಿಗೆ ಹಾಕುವ ಪ್ಯಾಕ್ಲೋಬ್ಯುಟ್ರಜೋಲ್, ಇವೆಲ್ಲ ಗಿಡದೊಳಗೆ ಜಿಬ್ಬರೆಲಿನ್ ತಯಾರಿಯನ್ನೇ ತಡೆಯುತ್ತವೆ. ಆದರೆ ಇವು ಮುಂದಿನ ಬೆಳವಣಿಗೆ ತಡೆಯುತ್ತವೆಯೇ ಹೊರತು, ಈಗಾಗಲೇ ಉದ್ದ ಆದ ಕಾಂಡ ಮತ್ತೆ ಗಿಡ್ಡ ಆಗುವುದಿಲ್ಲ. ಕೆಳಗೆ ದಾರದಂಥ ಕಾಂಡ, ಮೇಲೆ ಮುದುಡಿದ ಸುಳಿ, ಅಂಥ ಅಗಿ ಸಿಗುತ್ತದೆ. ಹತ್ತಿಗೆ ಹೇಳಿದ ಅಳತೆ 30 ದಿನದ ಮೆಣಸಿನ ಅಗಿಗೆ ಹೇಳಿದ್ದೂ ಅಲ್ಲ. ಪ್ಯಾಕ್ಲೋಬ್ಯುಟ್ರಜೋಲ್ ಅಂತೂ ಮುಟ್ಟಲೇಬೇಡಿ. ಬೇರಿನ ಸುತ್ತ ತಿಂಗಳುಗಟ್ಟಲೆ ಉಳಿಯುತ್ತದೆ. ನಾಟಿ ಮಾಡಿದ ಮೇಲೂ ಗಿಡ ಏಳದೆ ಕೂತರೆ ಆಗ ಏನು ಮಾಡುತ್ತೀರಿ? ಅರ್ಧ ಟ್ರೇ ಊರವರದ್ದು ಬೇರೆ.

ಹಾಗಾದರೆ ಏನು ಮಾಡಬೇಕು? ಗಿಡದ ನೀರುಗಂಟಿಗಳನ್ನು ಹೊರಗಿನಿಂದ ತರದೆ, ಇರುವವರಿಗೇ ಬೇರೆ ಸುದ್ದಿ ಮುಟ್ಟಿಸಬೇಕು.

ಮೊದಲು ಒಂದು ಪರೀಕ್ಷೆ. ಮಲಗಿದ ಅಗಿಯ ಬುಡ ನೋಡಿ. ಮಣ್ಣಿನ ಮಟ್ಟದಲ್ಲಿ ಕಾಂಡ ಕಂದಾಗಿ, ಬೆರಳಲ್ಲಿ ಚಿವುಟಿದ ಹಾಗೆ ಸಣ್ಣಗಾಗಿ, ನೀರು ನೀರಾಗಿದ್ದರೆ ಅದು ಸಸಿ ಕೊಳೆ ರೋಗ. ಆ ಟ್ರೇ ಬೇರೆ ಇಡಿ, ಅದರ ದಾರಿ ಬೇರೆ. ಬುಡ ಹಸಿರಾಗಿ ಗಟ್ಟಿ ಇದ್ದು ಬರೀ ಬಳುಕಿ ಮಲಗಿದ್ದರೆ ಮುಂದೆ ಓದಿ.

ಮೇಲಿನ ನೆಟ್ ತೆಗೆಯಬೇಕು, ಆದರೆ ಒಂದೇ ಸಲ ಅಲ್ಲ. ಕಾಲು ಬೆಳಕಿನಲ್ಲಿ ಬೆಳೆದ ಎಲೆ ತೆಳ್ಳಗಿರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಸುಟ್ಟುಹೋಗುತ್ತದೆ. ಎರಡು ದಿನ ಬೆಳಗ್ಗೆ ಹತ್ತರವರೆಗೆ ಮತ್ತು ಸಂಜೆ ನಾಲ್ಕರ ಮೇಲೆ ತೆಗೆದಿಡಿ. ಮೂರನೇ ದಿನದಿಂದ ಪೂರ್ತಿ ತೆಗೆಯಿರಿ. ಟ್ರೇಗಳ ನಡುವೆ ಜಾಗ ಬಿಡಿ, ಆಗುವುದಾದರೆ ಒಂದು ಟ್ರೇ ಅಗಲದಷ್ಟು. ಒಂದೊಂದು ಟ್ರೇಗೂ ಅಂಚು ಜಾಸ್ತಿ ಆಗುತ್ತದೆ. ಒಂದೇ ಗುಣಿಯಲ್ಲಿ ಎರಡು ಅಗಿ ಇದ್ದರೆ ಬಡಕಲನ್ನು ಕತ್ತರಿಸಿ ಹಾಕಿ, ಕೀಳಬೇಡಿ. ಕಿತ್ತರೆ ಇನ್ನೊಂದರ ಬೇರು ಅಲ್ಲಾಡುತ್ತದೆ.

ನೀರು ಬೆಳಗ್ಗೆ ಒಂದೇ ಸಲ. ಸಂಜೆ ಬೇಡ. ಕೋಕೋಪಿಟ್ ಮೇಲ್ಪದರ ಒಣಗಿ ತಿಳಿ ಬಣ್ಣಕ್ಕೆ ಬರಲಿ. ಬೇರಿಗೆ ನೀರಿನ ಬಿಗಿ ತಾಗಿದಾಗ ಅಬ್ಸಿಸಿಕ್ ಆಮ್ಲ ಮತ್ತೆ ಏರುತ್ತದೆ, ಬೀಜವನ್ನು ಮಲಗಿಸಿದ್ದ ಅದೇ ವಸ್ತು. ಎಲೆಯ ರಂಧ್ರ ಮುಚ್ಚುವುದನ್ನು ಕಲಿಸುತ್ತದೆ, ಮೇಲಿನ ಬೆಳವಣಿಗೆ ತಗ್ಗಿಸುತ್ತದೆ. ಅಗಿ ಗಟ್ಟಿ ಮಾಡುವುದು ಅಂತ ನಾವು ಅನ್ನುವುದರಲ್ಲಿ ದೊಡ್ಡ ಪಾಲು ಇದೇ. ಮಧ್ಯಾಹ್ನ ಎಲೆ ತುಸು ಜೋತು ಸಂಜೆಗೆ ಎದ್ದರೆ ಹೆದರಬೇಡಿ. ಸಂಜೆಗೂ ಏಳದಿದ್ದರೆ ಜಾಸ್ತಿ ಒಣಗಿಸಿದ್ದೀರಿ ಅಂತ.

ಯೂರಿಯಾ, ಹತ್ತೊಂಬತ್ತು-ಹತ್ತೊಂಬತ್ತು ಗೊಬ್ಬರ (19:19:19) ಎಲ್ಲ ಸದ್ಯ ನಿಲ್ಲಿಸಿ. ತಿಳಿ ಹಸಿರು ಕಂಡು ಸಾರಜನಕ ಕೊಡೋಣ ಅನ್ನಿಸುತ್ತದೆ, ಗೊತ್ತು. ಎಲೆ ಹಸಿರಾಗಿ ಇರಲು ಸೈಟೋಕೈನಿನ್ ಅನ್ನುವ ಹಾರ್ಮೋನ್ ಬೇಕು, ಅದರ ದೊಡ್ಡ ಪಾಲು ಬೇರಿನ ತುದಿಯಲ್ಲಿ ತಯಾರಾಗಿ ಮೇಲೆ ಏರುತ್ತದೆ. ಬೇರು ಬೆಳೆಯಲು ಮೇಲಿನ ಸುಳಿಯಿಂದ ಇಳಿಯುವ ಆಕ್ಸಿನ್ ಬೇಕು. ಒಬ್ಬರ ಕೈ ಇನ್ನೊಬ್ಬರು ಹಿಡಿದುಕೊಂಡ ಹಾಗೆ. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಗಿಡದ ತುಣುಕಿನಲ್ಲಿ ಇದನ್ನು ತೋರಿಸಿದರು: ಆಕ್ಸಿನ್ ಪಾಲು ಜಾಸ್ತಿ ಇದ್ದರೆ ಬೇರು, ಸೈಟೋಕೈನಿನ್ ಪಾಲು ಜಾಸ್ತಿ ಇದ್ದರೆ ಚಿಗುರು. ನಿಮ್ಮ ಅಗಿಗೆ ಬೇರು ತುಂಬಿದರೆ ಹಸಿರು ಅದರ ಹಿಂದೆಯೇ ಬರುತ್ತದೆ. ಹತ್ತು ದಿನದ ಮೇಲೂ ಬರದಿದ್ದರೆ ಆಗ ತೆಳ್ಳಗೆ ಗೊಬ್ಬರ ಕೊಡಿ.

ಟೊಮೆಟೊ ಅಗಿ ಮಾಡುವ ಕೆಲವರು ದಿನಕ್ಕೆರಡು ಸಲ ಅಗಿಯ ತಲೆ ಮೇಲೆ ಮೆಲ್ಲಗೆ ಬಟ್ಟೆಯೋ ಕೋಲೋ ಸವರುತ್ತಾರೆ. ಗಾಳಿ ಬೀಸಿದ ಹಾಗೆ ಅಲ್ಲಾಡಿಸಿದರೆ ಗಿಡ ಗಿಡ್ಡ ಮತ್ತು ಗಟ್ಟಿ ಆಗುವುದು ನಿಜ, ಅದರಲ್ಲೂ ಹಾರ್ಮೋನುಗಳ ಕೈವಾಡ ಇದೆ. ಆದರೆ ಮೆಣಸಿನ ಎಲೆ ನಾಜೂಕು, ಗಾಯ ಆಗುತ್ತದೆ. ಸವರುವ ಕೈಗೆ ತಂಬಾಕು ತಿಕ್ಕುವ ಅಭ್ಯಾಸ ಇದ್ದರಂತೂ ತಂಬಾಕಿನ ಮೊಸಾಯಿಕ್ ನಂಜು ಟ್ರೇಯಿಂದ ಟ್ರೇಗೆ ಹೋಗುತ್ತದೆ. ನಿಮ್ಮ ನೆಟ್‌ಮನೆಯ ಎರಡು ಬದಿಯ ಪರದೆ ಹಗಲು ಎತ್ತಿ ಕಟ್ಟಿ, ಗಾಳಿಯೇ ಆ ಕೆಲಸ ಮಾಡಲಿ. ಥ್ರಿಪ್ಸ್ (ರಸ ಹೀರುವ ಸಣ್ಣ ಕೀಟ) ಜಾಸ್ತಿ ಇದ್ದರೆ ಇದರಲ್ಲಿ ರಿಸ್ಕ್ ಇದೆ, ಕಣ್ಣಿಟ್ಟಿರಿ.

ಏಳರಿಂದ ಹತ್ತು ದಿನ ಹೀಗೆ ಮಾಡಿದ ಮೇಲೆ ಆರಿಸಿ. ಗುಣಿಯಿಂದ ಎತ್ತಿದಾಗ ಬಿಳಿ ಬೇರು ಕೋಕೋಪಿಟ್ ಹಿಡಿದುಕೊಂಡು ಅಚ್ಚು ಹಾಗೇ ಬಂದರೆ ನಾಟಿಗೆ ಬರುತ್ತದೆ, ಕಾಂಡ ಸ್ವಲ್ಪ ಉದ್ದ ಇದ್ದರೂ ಪರವಾಗಿಲ್ಲ. ಅಚ್ಚು ಉದುರಿದರೆ ಇನ್ನೊಂದು ವಾರ ಬಿಡಿ. ಎತ್ತಿ ಹಿಡಿದಾಗ ತಲೆ ಪೂರ್ತಿ ಜೋತುಬೀಳುವಂಥವನ್ನು ಎಸೆಯಿರಿ, ಕರುಣೆ ಬೇಡ. ನಾಟಿ ಸಂಜೆ ಹೊತ್ತು, ಬೋದಿನ ಮೇಲೆ. ಟೊಮೆಟೊ ಹಾಗೆ ಆಳಕ್ಕೆ ಹೂಳಿದರೆ ಕಾಂಡದಿಂದ ಬೇರು ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಮೆಣಸಿನಕಾಯಿ ಅಷ್ಟು ಸುಲಭಕ್ಕೆ ಬೇರು ಬಿಡುವುದಿಲ್ಲ, ನಿಮ್ಮ ಎರಿ ಮಣ್ಣಿನಲ್ಲಿ ನೀರು ನಿಂತರೆ ಹೂತ ಕಾಂಡ ಕೊಳೆಯುತ್ತದೆ. ಬೀಜದೆಲೆಯ ಕೆಳಗಿನವರೆಗೆ ಮಣ್ಣು ಬಂದರೆ ಸಾಕು. ಊರವರಿಗೆ ಕೊಡುವಾಗ ಅಗಿ ಉದ್ದ ಆಗಿವೆ ಅಂತ ಮೊದಲೇ ಹೇಳಿ ಕೊಡಿ. ಮತ್ತೆ ಒಂದು 40 ಟ್ರೇ ಇವತ್ತೇ ಬೀಜ ಹಾಕಿಟ್ಟುಕೊಂಡರೆ ಸತ್ತ ಗುಣಿಗೆ ತುಂಬಲು 35–40 ದಿನಕ್ಕೆ ಸಿಗುತ್ತವೆ. ಹೈಬ್ರಿಡ್ ಬೀಜದ ರೇಟು ನೋಡಿದರೆ ಹೊಟ್ಟೆ ಉರಿಯುತ್ತದೆ, ಆದರೂ.

ನೀವು ಕೇಳದ ಒಂದು ಮಾತು. ನಿಮ್ಮ ಕಡೆ ಭತ್ತಕ್ಕೆ, ಜೋಳಕ್ಕೆ ಕಳೆ ಸಾಯಲು 2,4-ಡಿ ಹೊಡೆಯುತ್ತಾರೆ. ಅದು ಕೃತಕ ಆಕ್ಸಿನ್. ಅಗಲ ಎಲೆಯ ಗಿಡಕ್ಕೆ ಆಕ್ಸಿನ್ ವಿಪರೀತ ಆದರೆ ಹೇಗೆ ಸಾಯುತ್ತದೆ ಅನ್ನುವುದಕ್ಕೆ ಅದೇ ಉದಾಹರಣೆ. ಕೆಲವು ವರ್ಷದ ಹಿಂದೆ ರಾಯಚೂರು ಹತ್ತಿರದ ಒಂದು ನರ್ಸರಿಗೆ ಕರೆದಿದ್ದರು. ಮೆಣಸಿನ ಅಗಿ ಎಲ್ಲ ಮುಟುರಾಗಿದ್ದವು. ಥ್ರಿಪ್ಸ್‌ಗೆ, ನುಸಿಗೆ ಮೂರು ಸಲ ಎಣ್ಣಿ ಹೊಡೆದು ಸೋತಿದ್ದರು. ನಾನೂ ಮೊದಲ ಅರ್ಧ ಗಂಟೆ ಮುಟುರು ರೋಗ ಅಂತಲೇ ನಂಬಿದ್ದೆ. ಆಮೇಲೆ ನೋಡಿದರೆ ಎಲೆ ದಾರದ ಪಟ್ಟಿಯ ಹಾಗೆ ಸಣ್ಣಗಾಗಿವೆ, ನರಗಳು ಒತ್ತೊತ್ತಾಗಿವೆ, ಕಾಂಡ ತಿರುಚಿದೆ. ಪಂಪು ಎಲ್ಲಿಯದು ಅಂತ ಕೇಳಿದೆ. ಹೊಲದಿಂದ ತಂದದ್ದು, ಬರೀ ನೀರಲ್ಲಿ ಅಲುಬಿದ್ದರು. ಅಗಿಗೆ ಒಂದು ಪಂಪು ಬೇರೆಯೇ ಇಟ್ಟುಕೊಳ್ಳಿ.

ಅಪ್ಪನವರ ಭಯದ ಬಗ್ಗೆ. ಆಕ್ಸಿನ್, ಜಿಬ್ಬರೆಲಿನ್ ನಾವು ತಿನ್ನುವ ಪ್ರತಿ ಸೊಪ್ಪಿನಲ್ಲೂ ಕಾಳಿನಲ್ಲೂ ಇವೆ, ಗಿಡವೇ ಮಾಡಿಕೊಂಡದ್ದು. ಮನುಷ್ಯರ ಹಾರ್ಮೋನಿಗೂ ಇದಕ್ಕೂ ಹೆಸರು ಒಂದೇ, ಕೆಲಸ ಬೇರೆ. ಬ್ರಾಸಿನೋಸ್ಟೀರಾಯ್ಡ್ ಅನ್ನುವುದರಲ್ಲಿ ಸ್ಟೀರಾಯ್ಡ್ ಅಂತ ಇದೆಯಲ್ಲ, ಅದನ್ನು ಕೇಳಿ ಹೆದರುವವರಿದ್ದಾರೆ. 1979ರಲ್ಲಿ ಅದು ಮೊದಲು ಸಿಕ್ಕಿದ್ದು ಸಾಸಿವೆ ಜಾತಿಯ ಗಿಡದ ಪರಾಗದಲ್ಲಿ. 2,4-ಡಿಯಂಥ ಕೃತಕ ವಸ್ತುಗಳ ವಿಷಯ ಬೇರೆ. ಅಲ್ಲಿ ಅವರ ಎಚ್ಚರ ಸರಿಯೇ, ಹೊಡೆಯುವಾಗ ಮೈಗೆ ಬೀಳದ ಹಾಗೆ ನೋಡಿಕೊಳ್ಳಲೇಬೇಕು.

ಅವರ ಕಾಲದ ಮಡಿಯ ಮಾತಂತೂ ನೂರಕ್ಕೆ ನೂರು ನಿಜ. ಬಯಲಲ್ಲಿ ಮಡಿ, ಮೇಲೆ ಹುಲ್ಲು ಹೊದಿಕೆ, ಮೊಳಕೆ ಕಂಡ ಕೂಡಲೇ ತೆಗೆದುಬಿಡುತ್ತಿದ್ದರು. ಆಮೇಲೆ ಪೂರ್ತಿ ಬಿಸಿಲು, ಗಾಳಿ, ಅಳೆದು ಹಾಕುವ ನೀರು. ಸಾಯುವ ಅಗಿ ಜಾಸ್ತಿ ಇರುತ್ತಿದ್ದವು, ಉಳಿದವು ಗಟ್ಟಿ. ಹೊಸದಾಗಿ ಹಾಕುವ 40 ಟ್ರೇಯಲ್ಲಿ ಹತ್ತನ್ನು ಅವರ ಕೈಗೆ ಕೊಡಿ. ಒಂದೇ ನೆಟ್ ಕೆಳಗೆ, ಅಂಚಿನಲ್ಲಿ, ನೀರು ಅವರು ಹೇಳಿದಾಗ ಮಾತ್ರ. 30ನೇ ದಿನ ಎರಡೂ ಕಡೆಯ ಒಂದೊಂದು ಅಗಿ ಕಿತ್ತು ಪಕ್ಕಪಕ್ಕ ಇಟ್ಟು ಫೋಟೊ ಕಳಿಸಿ, ಬೇರು ಕಾಣುವ ಹಾಗೆ.